ತಟ್ಟೆಯ ಹಿಂದಿನ ಕೈ: ರೋಣ ಸೀಮೆಯಿಂದ ಕಂಡ ಧ್ವನಿಮುದ್ರಣದ ಚರಿತ್ರೆ

ಭೀಮಸೇನ ಜೋಶಿಯವರ ಬಾಲ್ಯದ ಒಂದು ಪ್ರಸಂಗ ನಮ್ಮ ಸೀಮೆಯ ಮಂದಿಗೆ ಬಾಯಿಪಾಠವಾಗಿದೆ. 1922ರ ಫೆಬ್ರುವರಿ 4ರಂದು ರೋಣದಲ್ಲಿ ಹುಟ್ಟಿ ಗದಗದಲ್ಲಿ ಬೆಳೆದ ಹುಡುಗ, ಅಂಗಡಿಯೊಂದರ ಮುಂದೆ ನಿಂತು ಉಸ್ತಾದ್ ಅಬ್ದುಲ್ ಕರೀಂ ಖಾನರ ಠುಮ್ರಿಯ ಗ್ರಾಮಫೋನ್ ತಟ್ಟೆಯನ್ನು ಕೇಳುತ್ತಾನೆ. ಹೀಗೆಯೇ ಹಾಡಬೇಕು ಎಂಬ ಹುಚ್ಚು ಹತ್ತುತ್ತದೆ. 1933ರಲ್ಲಿ, 11ನೆಯ ವಯಸ್ಸಿಗೆ, ಮನೆ ಬಿಟ್ಟು ರೈಲು ಹತ್ತುತ್ತಾನೆ. ಉತ್ತರದ ಊರುಗಳನ್ನೆಲ್ಲ ಸುತ್ತಿ ಬಂದು ಕೊನೆಗೆ ಕುಂದಗೋಳದಲ್ಲಿ, ಅದೇ ಕರೀಂ ಖಾನರ ಶಿಷ್ಯರಾದ ಸವಾಯಿ ಗಂಧರ್ವರ ಬಳಿ ಕಲಿಯಲು ನಿಲ್ಲುತ್ತಾನೆ.

ಈ ಕತೆಯಲ್ಲಿ ಹಾಡಿದವರ ಹೆಸರಿದೆ, ಕೇಳಿದವರ ಹೆಸರಿದೆ, ಕಲಿಸಿದವರ ಹೆಸರಿದೆ. ಆ ತಟ್ಟೆಯನ್ನು ಮುದ್ರಿಸಿದವರ ಹೆಸರಿಲ್ಲ. ಖಾನ್ ಸಾಹೇಬರನ್ನು ಯಂತ್ರದಿಂದ ಎಷ್ಟು ದೂರದಲ್ಲಿ ಕೂರಿಸಬೇಕು, ತಾಸುಗಟ್ಟಲೆ ಹರಿಯುವ ಗಾಯನವನ್ನು ಮೂರು ನಿಮಿಷಕ್ಕೆ ಎಲ್ಲಿ ಹಿಡಿದು ಎಲ್ಲಿ ಬಿಡಬೇಕು, ಹಾಡಿದ ಎರಡು ಮೂರು ಸಲಗಳಲ್ಲಿ ಯಾವುದನ್ನು ಅಚ್ಚಿಗೆ ಕಳಿಸಬೇಕು ಎಂದು ಯಾರೋ ಒಬ್ಬರು ತೀರ್ಮಾನಿಸಿದ್ದರು. ಗದಗದ ಹುಡುಗನ ಕಿವಿಗೆ ಬಿದ್ದದ್ದು ಖಾನ್ ಸಾಹೇಬರ ಕಂಠ ಮಾತ್ರವಲ್ಲ, ಆ ಅಜ್ಞಾತ ವ್ಯಕ್ತಿಯ ತೀರ್ಮಾನವೂ ಹೌದು.

ರೋಣ, ನರಗುಂದ, ಗಜೇಂದ್ರಗಡದ ಈ ಎರೆಭೂಮಿಯಲ್ಲಿ, ಯಾವಗಲ್‌ನಂಥ ಊರುಗಳಲ್ಲಿ, ಹಾಡಿಗೆ ಬರವಿಲ್ಲ. ಭಜನೆಯ ತತ್ವಪದ, ಮೊಹರಂನ ರಿವಾಯತ ಪದ, ಡೊಳ್ಳಿನ ಪದ, ಚೌಡಕಿ ಪದ, ರಾತ್ರಿಯಿಡೀ ವಾದಕ್ಕೆ ನಿಲ್ಲುವ ಹರದೇಶಿ–ನಾಗೇಶಿ, ಹೀಗೆ ಪಟ್ಟಿ ಬೆಳೆಯುತ್ತದೆ. ಇವುಗಳ ಸಾಹಿತ್ಯವನ್ನು ನಮ್ಮ ಜಾನಪದ ವಿದ್ವಾಂಸರು ಸಂಗ್ರಹಿಸಿದ್ದಾರೆ, ಹಾಡುವವರ ಬಗೆಗೂ ಅಷ್ಟಿಷ್ಟು ಬರೆದಿದ್ದಾರೆ. ಇವನ್ನು ಯಂತ್ರದಲ್ಲಿ ಹಿಡಿದು, ನಕಲು ಮಾಡಿಸಿ, ಸಂತೆಗೆ ಮುಟ್ಟಿಸಿದ ಧ್ವನಿಮುದ್ರಕರ, ಸಣ್ಣ ನಿರ್ಮಾಪಕರ ವೃತ್ತಿಜೀವನವನ್ನು ಮಾತ್ರ ಚರಿತ್ರೆಯ ವಸ್ತು ಎಂದು ಎಣಿಸಿಲ್ಲ. ಅದನ್ನು ಎಣಿಸದೆ ನಮ್ಮ ಹಾಡಿನ ಚರಿತ್ರೆಯನ್ನು ಬರೆಯಲು ಸಾಧ್ಯವಿಲ್ಲ ಎಂಬುದು ಈ ಬರಹದ ವಾದ.

ಊರೂರು ತಿರುಗಿದ ಪರಿಣತರು

ಭಾರತದಲ್ಲಿ ಈ ವೃತ್ತಿ ಪರದೇಶದವರಿಂದ ಶುರುವಾಯಿತು. 1902ರ ಕೊನೆಯಲ್ಲಿ ಲಂಡನ್ನಿನ ಗ್ರಾಮಫೋನ್ ಕಂಪನಿ ಫ್ರೆಡ್ ಗೈಸ್‌ಬರ್ಗ್ ಎಂಬ ತನ್ನ ಪರಿಣತನನ್ನು ಪೂರ್ವ ದೇಶಗಳಿಗೆ ಕಳಿಸಿತು. ನವೆಂಬರ್ ತಿಂಗಳಲ್ಲಿ ಆತ ಕಲ್ಕತ್ತದ ಹೋಟೆಲಿನಲ್ಲಿ ಯಂತ್ರ ಹೂಡಿ ಗೌಹರ್ ಜಾನ್ ಮೊದಲಾದವರನ್ನು ಮುದ್ರಿಸಿದ. ಆಗ ಮೈಕು ಇರಲಿಲ್ಲ. ಹಾಡುವವರು ದೊಡ್ಡ ಕಹಳೆಯ ಬಾಯಿಗೆ ಮುಖವೊಡ್ಡಿ ಗಟ್ಟಿಯಾಗಿ ಹಾಡಬೇಕು. ಆ ಸದ್ದಿನ ಒತ್ತಡಕ್ಕೆ ತೆಳು ಪರದೆ ನಡುಗಿ, ಅದಕ್ಕೆ ಜೋಡಿಸಿದ ಸೂಜಿ ಮೇಣದ ತಟ್ಟೆಯ ಮೇಲೆ ಗೆರೆ ಕೊರೆಯುತ್ತಿತ್ತು. ಮೇಳದ ವಾದ್ಯಗಳನ್ನು ಎಲ್ಲಿ ಕೂರಿಸಬೇಕೆಂಬುದೇ ದೊಡ್ಡ ವಿದ್ಯೆ. ಸಾರಂಗಿ ಹತ್ತಿರ, ತಬಲಾ ಸ್ವಲ್ಪ ದೂರ. ತಪ್ಪಿದರೆ ತಿದ್ದುವಂತಿಲ್ಲ, ಹೊಸ ಮೇಣದ ಮೇಲೆ ಮೊದಲಿನಿಂದ ಹಾಡಬೇಕು.

ಆ ಮೇಣದ ಮೂಲಗಳು ಹಡಗೇರಿ ಜರ್ಮನಿಯ ಹ್ಯಾನೋವರ್‌ಗೆ ಹೋಗಿ ಅಲ್ಲಿ ತಟ್ಟೆಯಾಗಿ ಅಚ್ಚಾಗುತ್ತಿದ್ದವು. ಯಾವ ತಟ್ಟೆಯಲ್ಲಿ ಯಾರ ಧ್ವನಿಯಿದೆ ಎಂದು ಅಲ್ಲಿನ ಕೆಲಸಗಾರರಿಗೆ ತಿಳಿಯಬೇಕಲ್ಲ? ಅದಕ್ಕಾಗಿ ಹಾಡು ಮುಗಿದ ಕೂಡಲೇ ಹಾಡುವವರು ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳುತ್ತಿದ್ದರು. ಗೌಹರ್ ಜಾನರ ತಟ್ಟೆಗಳ ಕೊನೆಗೆ ಈಗಲೂ ಆ ಕೂಗು ಕೇಳಿಸುತ್ತದೆ. ಕಾರ್ಖಾನೆಯ ಗುರುತಿಗೆಂದು ಹುಟ್ಟಿದ ಈ ಪದ್ಧತಿ ಗಾಯಕಿಯ ಹೆಸರನ್ನು ನೂರು ವರ್ಷ ಉಳಿಸಿತು. ಮುದ್ರಿಸಿದವನು ಹೆಸರು ಕೂಗುವ ಅಗತ್ಯ ಯಾರಿಗೂ ಕಾಣಲಿಲ್ಲ. ಗೈಸ್‌ಬರ್ಗ್ ಹೆಸರು ಉಳಿದದ್ದು ಆತ ದಿನಚರಿ ಬರೆಯುತ್ತಿದ್ದ, ಕಂಪನಿ ಕಡತ ಇಡುತ್ತಿತ್ತು ಎಂಬ ಕಾರಣಕ್ಕೆ.

1925ರ ಸುಮಾರಿಗೆ ವಿದ್ಯುತ್ ಮುದ್ರಣ ಬಂದು, ಕಹಳೆಯ ಜಾಗದಲ್ಲಿ ಮೈಕು ನಿಂತಿತು. ಮೆತ್ತಗೆ ಹಾಡಿದರೂ ಯಂತ್ರಕ್ಕೆ ಕೇಳಿಸತೊಡಗಿತು. ತಟ್ಟೆಯ ಅವಧಿ ಮಾತ್ರ ಹಿಗ್ಗಲಿಲ್ಲ. ನಿಮಿಷಕ್ಕೆ 78 ಸುತ್ತು ತಿರುಗುವ 10 ಇಂಚಿನ ತಟ್ಟೆಯ ಒಂದು ಮೈಗೆ ಸುಮಾರು ಮೂರು ನಿಮಿಷ. ಈ ಮೂರು ನಿಮಿಷವೇ ನಮ್ಮ ಭಾಗದ ಸಂಗೀತದ ಮೇಲೆ ಬಿದ್ದ ಮೊದಲ ಅಚ್ಚು. ವಿಲಂಬಿತ ಖ್ಯಾಲಿನ ವಿಸ್ತಾರಕ್ಕೆ ಅಲ್ಲಿ ಜಾಗವಿಲ್ಲ. ಬಂದಿಶ್ ಹಿಡಿದ ಕೂಡಲೇ ತಾನಿಗೆ ಹೋಗಬೇಕು. ನಾಟಕ ಕಂಪನಿಗಳ ರಂಗಗೀತೆ, ಠುಮ್ರಿ, ಭಕ್ತಿಗೀತೆಗಳು ಆ ಅಳತೆಗೆ ಸಲೀಸಾಗಿ ಒಗ್ಗಿದವು. ಹರದೇಶಿ–ನಾಗೇಶಿಯ ರಾತ್ರಿಯಿಡೀ ನಡೆಯುವ ವಾದಕ್ಕೆ ಅಂಥ ಅಳತೆ ಹೊಂದುವಂತಿರಲಿಲ್ಲ. ಯಾವ ಹಾಡು ಮುದ್ರಣಯೋಗ್ಯ ಎಂಬುದನ್ನು ರುಚಿಯಷ್ಟೇ ಅಲ್ಲ, ತಟ್ಟೆಯ ಅಗಲವೂ ನಿರ್ಧರಿಸುತ್ತಿತ್ತು.

ಕಂಪನಿಯ ಮನುಷ್ಯರು

ಮುಂಬಯಿ ಆಗ ನಮ್ಮ ಕಲಾವಿದರಿಗೆ ರಾಜಧಾನಿ. ಧಾರವಾಡ, ಹುಬ್ಬಳ್ಳಿ, ಗದಗ ಎಲ್ಲವೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು, ಗ್ರಾಮಫೋನ್ ಕಂಪನಿಗಳ ಸ್ಟುಡಿಯೋಗಳೂ ಅಲ್ಲಿಯೇ ಇದ್ದವು. 1930ರ ದಶಕದ ಆರಂಭದಲ್ಲಿ ಗಂಗೂಬಾಯಿ ಹಾನಗಲ್ಲರು ಎಚ್‌ಎಂವಿಗೆ ಹಾಡಿದಾಗ ತಟ್ಟೆಯ ಮೇಲೆ ಅಚ್ಚಾದ ಹೆಸರು ‘ಗಾಂಧಾರಿ’. ಗಾಯಕಿಯ ಹೆಸರನ್ನೂ ಬದಲಿಸಬಲ್ಲಷ್ಟು ಅಧಿಕಾರ ಯಂತ್ರದ ಆಚೆ ಕೂತವರಿಗಿತ್ತು. ಬಿಳಗಿಯಿಂದ ಹೊರಟ ಅಮೀರಬಾಯಿ ಕರ್ನಾಟಕಿಯವರ ಕಂಠವೂ ನಮ್ಮ ಹಳ್ಳಿಗಳಿಗೆ ಮರಳಿ ಬಂದದ್ದು ಮುಂಬಯಿಯ ತಟ್ಟೆಗಳ ಮೂಲಕವೇ.

ಈ ಕಾಲದ ‘ಯಂತ್ರದ ಆಚೆಯ ಮನುಷ್ಯ’ರಲ್ಲಿ ನಮಗೆ ಸ್ಪಷ್ಟವಾಗಿ ಕಾಣುವ ಒಬ್ಬರು ಜಿ.ಎನ್. ಜೋಶಿ. ಕಾನೂನು ಓದಿದವರು, ಮರಾಠಿ ಭಾವಗೀತೆಗಳ ಗಾಯಕರಾಗಿ ಹೆಸರಾದವರು, ಗಂಗೂಬಾಯಿಯವರ ಜೊತೆ ಯುಗಳಗೀತೆಯನ್ನೂ ಹಾಡಿದವರು. 1938ರಲ್ಲಿ ಎಚ್‌ಎಂವಿಯ ಮುಂಬಯಿ ಶಾಖೆ ಸೇರಿದರು. ಮುಂದಿನ ಮೂರು ದಶಕಗಳಲ್ಲಿ ಹಿಂದುಸ್ತಾನಿ ಸಂಗೀತದ ದೊಡ್ಡ ದೊಡ್ಡ ಹೆಸರುಗಳನ್ನು ಮೈಕಿನ ಮುಂದೆ ಕೂರಿಸಿದ್ದು ಅವರ ಕೆಲಸ. ಶಿವಕುಮಾರ ಶರ್ಮಾ, ಬ್ರಿಜಭೂಷಣ ಕಾಬ್ರಾ, ಹರಿಪ್ರಸಾದ ಚೌರಾಸಿಯಾ ಕೂಡಿ ನುಡಿಸಿದ 1967ರ ‘ಕಾಲ್ ಆಫ್ ದಿ ವ್ಯಾಲಿ’ ಅವರ ನಿರ್ಮಾಣ. ಕುರಿಗಾಹಿಯೊಬ್ಬನ ಒಂದು ದಿನವನ್ನು ರಾಗಗಳ ಸರಣಿಯಲ್ಲಿ ಹೇಳುವ ಆ ಕಲ್ಪನೆ ಲಾಂಗ್ ಪ್ಲೇ ತಟ್ಟೆ ಬಂದ ಮೇಲೆ ಮಾತ್ರ ಸಾಧ್ಯವಾಗುವಂಥದ್ದು. ಒಂದು ಮೈಗೆ 20 ನಿಮಿಷ ಸಿಕ್ಕಾಗ ನಿರ್ಮಾಪಕನ ಯೋಚನೆಯೂ ಮೂರು ನಿಮಿಷದ ಗೋಡೆ ದಾಟಿತು.

ಜೋಶಿಯವರ ಹೆಸರು ನಮಗೆ ಸಿಗುವುದಕ್ಕೂ ಕಾರಣವಿದೆ. ಅವರು ತಮ್ಮ ನೆನಪುಗಳನ್ನು ಪುಸ್ತಕವಾಗಿ ಬರೆದರು. ಅದರ ಇಂಗ್ಲಿಷ್ ರೂಪ 1984ರಲ್ಲಿ ಬಂತು. ಗೈಸ್‌ಬರ್ಗ್‌ನದೂ ಅದೇ ಕತೆ. ಬರೆದುಕೊಂಡವರು ಉಳಿದರು. ಬರೆಯದವರ ಕೆಲಸ ಉಳಿಯಿತು, ಹೆಸರು ಹೋಯಿತು.

ನಮ್ಮ ಕಡೆಯ ಇನ್ನೊಂದು ಹೆಸರನ್ನು ಇಲ್ಲಿ ನೆನೆಯಬೇಕು. ಮಲ್ಲಿಕಾರ್ಜುನ ಮನಸೂರರನ್ನು ನಾವು ಗಾಯಕರಾಗಿ ಮಾತ್ರ ಬಲ್ಲೆವು. ಅವರು ಎಚ್‌ಎಂವಿಯಲ್ಲಿ ಸಂಗೀತ ನಿರ್ದೇಶಕರಾಗಿ, ಮುಂದೆ ಆಕಾಶವಾಣಿಯ ಧಾರವಾಡ ಕೇಂದ್ರಕ್ಕೆ ಸಂಗೀತ ಸಲಹೆಗಾರರಾಗಿ ಕೆಲಸ ಮಾಡಿದ್ದರು. ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿ ಹಾಡಿ ಬೆಳೆದ ಹುಡುಗ ಮೈಕಿನ ಎರಡೂ ಬದಿಯನ್ನು ಕಂಡವರಾದರು. ಇನ್ನೊಬ್ಬರ ಹಾಡನ್ನು ಯಾವ ಧಾಟಿಯಲ್ಲಿ, ಯಾವ ವಾದ್ಯದ ಜೊತೆ ಮುದ್ರಿಸಬೇಕೆಂಬ ಕೆಲಸವೂ ಸಂಗೀತದ ಕೆಲಸವೇ. ಮನಸೂರರ ಜೀವನಚರಿತ್ರೆಯಲ್ಲಿ ಈ ಭಾಗ ಒಂದೆರಡು ಸಾಲಿಗೆ ಮುಗಿದುಹೋಗುತ್ತದೆ.

ಆಕಾಶವಾಣಿಯ ಕೋಣೆ

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾಯಿತು. ಮುಂಬಯಿಗೆ ಹೋಗದೆ ಹಾಡುವ ಒಂದು ಸದ್ದಿಲ್ಲದ ಕೋಣೆ ಮೊದಲ ಬಾರಿಗೆ ನಮ್ಮ ಸೀಮೆಗೆ ಹತ್ತಿರವಾಯಿತು. ಮೊದಮೊದಲು ಹೆಚ್ಚಿನದೆಲ್ಲ ನೇರ ಪ್ರಸಾರ. ಟೇಪು ಬಂದ ಮೇಲೆ ಮುದ್ರಣ ಸುಲಭವಾಯಿತು. ಟೇಪನ್ನು ಕತ್ತರಿಸಿ ಅಂಟಿಸಬಹುದು, ತಪ್ಪಿದ ಸಾಲನ್ನು ಮತ್ತೆ ಹಾಡಿಸಬಹುದು. ಟೇಪು ದುಬಾರಿಯಾದ್ದರಿಂದ ಅಳಿಸಿ ಮತ್ತೆ ಮುದ್ರಿಸಲೂಬಹುದು. ಜಗತ್ತಿನ ಅನೇಕ ರೇಡಿಯೊ ಕೇಂದ್ರಗಳಲ್ಲಿ ಇದೇ ವಾಡಿಕೆಯಾಗಿತ್ತು. ಉಳಿಸಲೆಂದು ಬಂದ ಸಾಧನವೇ ಅಳಿಸುವ ಸಾಧನವೂ ಆಯಿತು.

ರೇಡಿಯೊದ ಆಯ್ಕೆಗೂ ತನ್ನದೇ ಚೌಕಟ್ಟಿತ್ತು. ಧ್ವನಿಪರೀಕ್ಷೆ, ಶ್ರೇಣಿ, ಕಾಲಮಿತಿ ಎಲ್ಲವೂ ಸರಕಾರಿ ನಿಯಮದಂತೆ. 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಹಾರ್ಮೋನಿಯಂಗೆ ನಿಷೇಧವಿತ್ತು. ಅದರ ಸ್ವರಗಳು ಗಟ್ಟಿ, ಶ್ರುತಿಯ ಸೂಕ್ಷ್ಮ ಅದರಲ್ಲಿ ಹೊರಡದು ಎಂಬುದು ವಾದ. ದಿಲ್ಲಿಯಲ್ಲಿ ಕೂತು ಮಾಡಿದ ಈ ತೀರ್ಮಾನದ ಅರ್ಥ ಗದಗಿಗೆ ಬಂದಾಗ ಬೇರೆಯಾಗುತ್ತದೆ. ನಮ್ಮ ಭಜನೆಯ ಮನೆಗಳಲ್ಲಿ, ನಾಟಕ ಕಂಪನಿಗಳಲ್ಲಿ ಹಾರ್ಮೋನಿಯಂ (ನಮ್ಮವರ ಮಾತಿನಲ್ಲಿ ‘ಪೇಟಿ’) ಇಲ್ಲದೆ ಹಾಡಿಗೆ ಬುಡವೇ ಇಲ್ಲ. ಪಂಚಾಕ್ಷರಿ ಗವಾಯಿಗಳು ಕಟ್ಟಿದ, ಪುಟ್ಟರಾಜ ಗವಾಯಿಗಳು ಬೆಳೆಸಿದ ಗದಗದ ವೀರೇಶ್ವರ ಪುಣ್ಯಾಶ್ರಮ ಸೀಮೆಯ ತುಂಬ ಪೇಟಿ, ತಬಲಾ ಬಲ್ಲ ಕೈಗಳನ್ನು ಹರಡಿತ್ತು. ಅಂಥ ನಾಡಿನ ಹಾಡು ಮೂರು ದಶಕ ತನ್ನ ಮುಖ್ಯ ವಾದ್ಯವನ್ನು ಹೊರಗಿಟ್ಟು ರೇಡಿಯೊದ ಒಳಗೆ ಹೋಗಬೇಕಾಯಿತು. ಮುಂದೆ ಕ್ಯಾಸೆಟ್ಟು ಇಷ್ಟು ಬೇಗ ನಮ್ಮದಾಗಲು ಇದೂ ಒಂದು ಕಾರಣವೆಂದು ನನಗನ್ನಿಸುತ್ತದೆ. ಕ್ಯಾಸೆಟ್ಟಿನವನು ಪೇಟಿಯನ್ನು ಬಾಗಿಲಲ್ಲಿ ನಿಲ್ಲಿಸಲಿಲ್ಲ.

ಸ್ವತಂತ್ರ ನಿರ್ಮಾಪಕ ಹುಟ್ಟಿದ ಬಗೆ

ಫಿಲಿಪ್ಸ್ ಕಂಪನಿ 1963ರಲ್ಲಿ ಹೊರತಂದ ಕಾಂಪ್ಯಾಕ್ಟ್ ಕ್ಯಾಸೆಟ್ಟು ನಮ್ಮ ಹಳ್ಳಿಗಳನ್ನು ಮುಟ್ಟಿದ್ದು 1970ರ ದಶಕದ ಕೊನೆಗೆ, 80ರ ದಶಕದಲ್ಲಿ. ತಟ್ಟೆ ಅಚ್ಚು ಹಾಕಲು ಕಾರ್ಖಾನೆ ಬೇಕು, ಅದು ಒಬ್ಬಿಬ್ಬರ ಕೈಯಲ್ಲಿತ್ತು. ಕ್ಯಾಸೆಟ್ಟಿನ ನಕಲಿಗೆ ಒಂದು ಕೋಣೆ, ಕೆಲವು ಯಂತ್ರ ಸಾಕು. ಏಕಸ್ವಾಮ್ಯ ಒಡೆದದ್ದು ಹೀಗೆ. ಉತ್ತರ ಭಾರತದಲ್ಲಿ ನಡೆದ ಈ ಬದಲಾವಣೆಯನ್ನು ಪೀಟರ್ ಮ್ಯಾನುಯೆಲ್ 1993ರ ‘ಕ್ಯಾಸೆಟ್ ಕಲ್ಚರ್’ ಪುಸ್ತಕದಲ್ಲಿ ವಿವರವಾಗಿ ಬರೆದಿದ್ದಾರೆ. ದೊಡ್ಡ ಕಂಪನಿ ಮುಟ್ಟದ ಉಪಭಾಷೆಗಳ, ಜಾತ್ರೆಗಳ, ಜಾತಿಗಳ ಹಾಡನ್ನು ನೂರಾರು ಸಣ್ಣ ನಿರ್ಮಾಪಕರು ಮಾರುಕಟ್ಟೆಗೆ ತಂದರು ಎಂಬುದು ಅದರ ತಿರುಳು.

ಕನ್ನಡದಲ್ಲಿ ಈ ಕಾಲದ ಎರಡು ಮೈಲಿಗಲ್ಲುಗಳನ್ನು ಎಲ್ಲರೂ ಬಲ್ಲರು. ಕೆ.ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ ‘ನಿತ್ಯೋತ್ಸವ’ 1978ರಲ್ಲಿ ಬಂದು ಭಾವಗೀತೆಯ ಕ್ಯಾಸೆಟ್ಟುಗಳಿಗೆ ದಾರಿ ತೆರೆಯಿತು. 1987ರ ‘ಪ್ರೇಮಲೋಕ’ದ ಹಾಡುಗಳು ಲಹರಿ ಸಂಸ್ಥೆಯ ಮೂಲಕ ನಾಡಿನ ಮೂಲೆಮೂಲೆಗೆ ಹೋದವು. ಇವುಗಳ ನಡುವೆ ಇನ್ನೊಂದು ಪ್ರಯತ್ನ ನಡೆಯಿತು. ಕನ್ನಡದ ಹಾಡು ಮುದ್ರಿಸಲು ಮದ್ರಾಸಿಗೆ ಹೋಗುವ ಕಾಲದಲ್ಲಿ ಶಂಕರ್‌ನಾಗ್ ಬೆಂಗಳೂರಿನಲ್ಲಿ ‘ಸಂಕೇತ್’ ಧ್ವನಿಮುದ್ರಣ ಸ್ಟುಡಿಯೋ ಕಟ್ಟಿದರು. ನಟನೊಬ್ಬ ತನ್ನ ದುಡಿಮೆಯನ್ನು ಯಂತ್ರ, ಗೋಡೆ, ತಂತಿಗಳಿಗೆ ಹಾಕಿದ್ದು ಯಾಕೆ? ಮುದ್ರಣದ ಕೋಣೆ ಎಲ್ಲಿರುತ್ತದೋ ಹಾಡಿನ ಮೇಲಿನ ಹಿಡಿತ ಅಲ್ಲಿರುತ್ತದೆ ಎಂಬುದು ಅವರಿಗೆ ಗೊತ್ತಿತ್ತು ಎಂದೇ ತೋರುತ್ತದೆ. ಪರ ಊರಿನ ಸ್ಟುಡಿಯೋದಲ್ಲಿ ತಾಸಿನ ಲೆಕ್ಕದಲ್ಲಿ ಬಾಡಿಗೆ ತೆತ್ತು ಹಾಡುವವರಿಗೆ ತಪ್ಪು ಮಾಡುವ, ಮತ್ತೆ ಪ್ರಯತ್ನಿಸುವ ಸ್ವಾತಂತ್ರ್ಯ ಇರುವುದಿಲ್ಲ.

ಆದರೆ ಹಾಡು ನಮ್ಮ ಸಂತೆಗೆ ಬಂದದ್ದು ಇನ್ನೂ ಸಣ್ಣ ಕೈಗಳಿಂದ. ಹುಬ್ಬಳ್ಳಿ, ಗದಗ, ವಿಜಯಪುರ, ಬೆಳಗಾವಿಯ ಕಡೆಯ ಕ್ಯಾಸೆಟ್ ನಿರ್ಮಾಪಕನೆಂದರೆ ಬಹಳ ಸಲ ಒಬ್ಬನೇ ಮನುಷ್ಯ. ರೇಡಿಯೊ ರಿಪೇರಿಯೋ, ಧ್ವನಿವರ್ಧಕದ ಬಾಡಿಗೆಯೋ, ಕ್ಯಾಸೆಟ್ ಅಂಗಡಿಯೋ ಈ ವೃತ್ತಿಯ ಮೊದಲ ಮೆಟ್ಟಿಲು. ಜಾತ್ರೆಯಲ್ಲಿ ಯಾವ ಮೇಳಕ್ಕೆ ಜನ ಕೂಡುತ್ತಾರೆಂದು ಅವನಿಗೆ ಗೊತ್ತು. ಮೇಳದವರಿಗೆ ಇಷ್ಟೆಂದು ಒಂದೇ ಸಲ ದುಡ್ಡು ಕೊಟ್ಟು ಹಾಡಿಸುತ್ತಾನೆ. ಸ್ಟುಡಿಯೋ ಬಾಡಿಗೆ, ಖಾಲಿ ಕ್ಯಾಸೆಟ್ಟು, ಹೊದಿಕೆಯ ಬಣ್ಣದ ಅಚ್ಚು, ನಕಲಿನ ಖರ್ಚು ಎಲ್ಲವೂ ಅವನ ಮೈಮೇಲೆ. ಅಂಗಡಿಗಳಿಗೆ ಉದ್ರಿ ಕೊಟ್ಟು, ಮಾರಿದ ಮೇಲೆ ವಸೂಲಿಗೆ ತಿರುಗಬೇಕು. ಹಾಡು ಬಿದ್ದುಹೋದರೆ ಮಾಲು ವಾಪಸು ಬರುತ್ತದೆ, ಗೆದ್ದರೆ ವಾರದೊಳಗೆ ಕಳ್ಳ ನಕಲು ಬರುತ್ತದೆ. ಅವನು ‘ಸ್ವತಂತ್ರ’ ಎಂಬ ಮಾತಿಗೆ ಸಂತೆಯ ಭಾಷೆಯಲ್ಲಿ ಇರುವ ಅರ್ಥ ಇಷ್ಟೇ. ನಷ್ಟಕ್ಕೆ ಪಾಲುದಾರರಿಲ್ಲ.

ಅವನ ಕೆಲಸದ ಸಂಗೀತದ ಮುಖವನ್ನೂ ನೋಡಬೇಕು. ಡೊಳ್ಳು ಬಯಲಿನ ವಾದ್ಯ. ಅದರ ತಗ್ಗು ಸದ್ದು ಸಣ್ಣ ಕೋಣೆಯಲ್ಲಿ ಗೋಡೆಗೆ ಬಡಿದು ತಿರುಗಿ ಬಂದು ಹಾಡಿನ ಮಾತನ್ನೆಲ್ಲ ನುಂಗುತ್ತದೆ. ಮೈಕನ್ನು ಡೊಳ್ಳಿನಿಂದ ದೂರ ಸರಿಸಿದರೆ ಪೆಟ್ಟಿನ ಚುರುಕು ಹೋಗುತ್ತದೆ, ಹತ್ತಿರ ತಂದರೆ ಮುಳ್ಳು ಕೆಂಪಿಗೆ ಬಡಿದು ಸದ್ದು ಒಡೆಯುತ್ತದೆ. ಗೋಡೆಗೆ ದಪ್ಪ ಬಟ್ಟೆ, ನಾರಿನ ಚಾಪೆ ಹೊಡೆದು, ಡೊಳ್ಳಿನವರನ್ನು ಮೂಲೆಯಿಂದ ಎಬ್ಬಿಸಿ ನಡುವೆ ನಿಲ್ಲಿಸಿ, ಹಿಮ್ಮೇಳದವರನ್ನು ಎರಡು ಹೆಜ್ಜೆ ಹಿಂದಕ್ಕೆ ಕಳಿಸಿ ಕೇಳಬೇಕು. ಇದಕ್ಕೆ ಬರೆದಿಟ್ಟ ಪಾಠವಿಲ್ಲ, ಕಿವಿಯೇ ಪಾಠ. ಜೀವನವಿಡೀ ಬಯಲಲ್ಲಿ, ದೂರದವರಿಗೆ ಕೇಳಲೆಂದು ಏರುದನಿಯಲ್ಲಿ ಹಾಡಿದವರನ್ನು ಮೈಕಿನ ಮುಂದೆ ಅಳುಕದೆ ಹಾಡುವಂತೆ ಮಾಡುವುದು ಇನ್ನೊಂದು ವಿದ್ಯೆ. ಅದು ಯಂತ್ರದ್ದಲ್ಲ, ಮಾತಿನ ವಿದ್ಯೆ. ‘ಅಜ್ಜಾ, ಕಟ್ಟಿ ಮ್ಯಾಲ ಕುಂತು ಹಾಡಿದಂಗ ಹಾಡ್ರಿ’ ಎಂದು ಹೇಳಬಲ್ಲವನಿಗೆ ಸಿಗುವ ಹಾಡು, ಗಾಜಿನಾಚೆಯಿಂದ ಬೆರಳು ತೋರಿಸುವವನಿಗೆ ಸಿಗುವುದಿಲ್ಲ.

ಕ್ಯಾಸೆಟ್ಟಿಗೂ ತನ್ನ ಅಳತೆ ಇತ್ತು. ಸಿ-60 ಎಂದರೆ ಒಂದು ಬದಿಗೆ 30 ನಿಮಿಷ. ರಾತ್ರಿಯಿಡೀ ನಡೆಯುವ ಹರದೇಶಿ–ನಾಗೇಶಿ ವಾದವನ್ನು ಈಗ ಎರಡು ಬದಿಗೆ ಹಂಚಬಹುದು. ಒಂದು ಬದಿಯ ಕೊನೆಗೆ ಸವಾಲು ಹಾಕಿ ನಿಲ್ಲಿಸಿದರೆ ಕೇಳುವವರು ತಾವೇ ಕ್ಯಾಸೆಟ್ಟು ತಿರುಗಿಸುತ್ತಾರೆ. ಮೂರು ನಿಮಿಷದ ತಟ್ಟೆ ಹೊರಗಿಟ್ಟಿದ್ದ ಹಾಡು ಹೀಗೆ ಒಳಬಂತು. ಆದರೆ ಬೆಳಗಿನ ಜಾವಕ್ಕೆ ದನಿ ಒಡೆದು, ಕೇಳುವವರ ನಡುವಿನಿಂದ ಎದ್ದ ಮಾತಿಗೆ ಅಲ್ಲಿಯೇ ಪದ ಕಟ್ಟಿ ಉತ್ತರಿಸುವ ಹೊತ್ತು ಕ್ಯಾಸೆಟ್ಟಿನಲ್ಲಿ ಇರಲಿಲ್ಲ. ಸ್ಟುಡಿಯೋದಲ್ಲಿ ಎರಡೂ ಕಡೆಯವರಿಗೆ ಯಾರು ಗೆಲ್ಲುತ್ತಾರೆಂದು ಮೊದಲೇ ಗೊತ್ತಿರುತ್ತಿತ್ತು.

ಶಿಶುನಾಳ ಶರೀಫರ ಪದಗಳಿಗೂ ಇಂಥದ್ದೇ ಲಾಭ–ನಷ್ಟವಾಯಿತು. ಸಿ. ಅಶ್ವತ್ಥರ ಕಂಠದ ಮೂಲಕ ಅವು ಶರೀಫರ ಹೆಸರು ಕೇಳದ ಊರುಗಳಿಗೂ ಹೋದವು. ಜೊತೆಗೆ ಒಂದೊಂದು ಊರಿನ ಭಜನಾ ಮೇಳ ಒಂದೊಂದು ಬಗೆಯಲ್ಲಿ ಹಾಡುತ್ತಿದ್ದ ಧಾಟಿಗಳ ಮೇಲೆ ಆ ಒಂದು ಧಾಟಿಯ ನೆರಳು ಬಿತ್ತು. ಇದು ಅಶ್ವತ್ಥರ ತಪ್ಪಲ್ಲ, ಮುದ್ರಣದ ಗುಣ. ಮುದ್ರಿತವಾದ ಧಾಟಿಯೇ ‘ಸರಿಯಾದ ಧಾಟಿ’ ಎನಿಸಿಕೊಳ್ಳುತ್ತದೆ. ಅದಕ್ಕೆ ಎದುರಾಗಿ ನಿಲ್ಲಬಹುದಾದ ಸಾಕ್ಷಿ ಸಣ್ಣ ನಿರ್ಮಾಪಕರು ಹಳ್ಳಿಯ ಮೇಳಗಳಿಂದ ಹಾಡಿಸಿದ ಕ್ಯಾಸೆಟ್ಟುಗಳಲ್ಲಿ ಮಾತ್ರ ಇದೆ.

ಕಾಯ್ದೆಯಲ್ಲಿ ಯಾರ ಹೆಸರು?

ಹೆಸರಿನ ಪ್ರಶ್ನೆ ಬರಿಯ ಗೌರವದ್ದಲ್ಲ, ಹಕ್ಕಿನದೂ ಹೌದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಧ್ವನಿಮುದ್ರಣದ ಕರ್ತೃ ಎಂದರೆ ನಿರ್ಮಾಪಕ, ಅಂದರೆ ಮುದ್ರಣಕ್ಕೆ ಮುಂದಾಗಿ ಅದರ ಹೊಣೆ ಹೊತ್ತವನು. ಹಾಡಿದವರಿಗೆ ತಮ್ಮ ಗಾಯನದ ಮೇಲೆ ಪ್ರತ್ಯೇಕ ಹಕ್ಕು ಬಂದದ್ದು 1994ರ ತಿದ್ದುಪಡಿಯಿಂದ. ಪ್ರದರ್ಶಕರೆಂದು ತಮ್ಮ ಹೆಸರು ಹೇಳಿಸಿಕೊಳ್ಳುವ ನೈತಿಕ ಹಕ್ಕು ಇನ್ನೂ ಈಚಿನದು, 2012ರದ್ದು. ಮೈಕು ಇಟ್ಟು ಸದ್ದು ಹದಮಾಡಿದ ತಂತ್ರಜ್ಞನಿಗೆ, ಆತನೇ ನಿರ್ಮಾಪಕನೂ ಆಗಿರದಿದ್ದರೆ, ಈ ಪಟ್ಟಿಯಲ್ಲಿ ಜಾಗವಿಲ್ಲ. ಕಾಯ್ದೆಯ ಕಣ್ಣಿಗೆ ಅವನು ಕೂಲಿ ಪಡೆದು ಹೋದವನು.

ಇದೇ ಕಾಯ್ದೆಗೆ 1984ರಲ್ಲಿ ಸೇರಿದ ಒಂದು ಕಲಮು ನಮ್ಮಂಥ ಸಂಶೋಧಕರಿಗೆ ಬಹಳ ದೊಡ್ಡದು. ಪ್ರಕಟವಾಗುವ ಪ್ರತಿ ಧ್ವನಿಮುದ್ರಣದ ಮೇಲೆ, ಅದರ ಹೊದಿಕೆಯ ಮೇಲೆ, ಮುದ್ರಣ ಮಾಡಿಸಿದವರ ಹೆಸರು ಮತ್ತು ವಿಳಾಸ, ಹಕ್ಕುದಾರರ ಹೆಸರು ಮತ್ತು ವಿಳಾಸ, ಮೊದಲು ಪ್ರಕಟವಾದ ವರ್ಷ ಇರಬೇಕು ಎಂದು ಅದು ಹೇಳುತ್ತದೆ. ಕಳ್ಳ ನಕಲು ತಡೆಯಲು ತಂದ ನಿಯಮವಿದು. ಹ್ಯಾನೋವರ್ ಕಾರ್ಖಾನೆಯ ಗುರುತಿಗೆಂದು ಗೌಹರ್ ಜಾನ್ ಹೆಸರು ಕೂಗಿದಂತೆ, ಪೊಲೀಸರ ಗುರುತಿಗೆಂದು ಅಚ್ಚಾದ ಈ ಸಣ್ಣ ಅಕ್ಷರಗಳು ಇವತ್ತು ಚರಿತ್ರೆಯ ಆಕರ. ಮನೆಯ ಅಟ್ಟದ ಮೇಲೆ ಡಬ್ಬಿಯಲ್ಲಿ ಬಿದ್ದಿರುವ ಕ್ಯಾಸೆಟ್ಟಿನ ಹೊದಿಕೆಯನ್ನು ಬಿಚ್ಚಿ ಓದಿದರೆ ಯಾವ ಊರಿನ ಯಾವ ಓಣಿಯಿಂದ, ಯಾವ ವರ್ಷ, ಯಾರ ಹಾಡು ಹೊರಟಿತೆಂದು ತಿಳಿಯುತ್ತದೆ. ವರ್ಷವೇ ಇಲ್ಲದ, ಊರೇ ಇಲ್ಲದ ಹೊದಿಕೆಗಳೂ ಇವೆ. ಅವೂ ಒಂದು ಸುದ್ದಿ ಹೇಳುತ್ತವೆ, ಈ ವ್ಯಾಪಾರ ಕಾಯ್ದೆಯ ಅಂಚಿನಲ್ಲಿಯೇ ನಡೆಯುತ್ತಿತ್ತು ಎಂದು.

ಒಂದು ಕೋಣೆ, ಒಂದು ಕಂಪ್ಯೂಟರು

2000ದ ಆಚೀಚೆ ಕಂಪ್ಯೂಟರು ಈ ವೃತ್ತಿಯನ್ನು ಮತ್ತೊಮ್ಮೆ ಮಗುಚಿಹಾಕಿತು. ಮೇಳವೆಲ್ಲ ಕೂಡಿ ಹಾಡುವ ಅಗತ್ಯ ಹೋಯಿತು. ಮೊದಲು ತಾಳದ ‘ಟ್ರ್ಯಾಕು’, ಅದರ ಮೇಲೆ ಕೀಬೋರ್ಡು, ಕೊನೆಗೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಒಬ್ಬೊಬ್ಬರಾಗಿ ಬಂದು ಹಾಡಿ ಹೋಗುವುದು. ನಿರ್ಮಾಪಕ, ಮುದ್ರಕ, ವಾದ್ಯಗಾರ, ಸಂಯೋಜಕ ಎಲ್ಲರೂ ಒಬ್ಬನೇ ಆದ. ಕ್ಯಾಸೆಟ್ಟು ಹೋಗಿ ಸಿಡಿ ಬಂತು, ಸಿಡಿ ಹೋಗಿ ಮೊಬೈಲಿನ ಮೆಮೊರಿ ಕಾರ್ಡು ಬಂತು, ಈಗ ಯೂಟ್ಯೂಬು. ಪರಸು ಕೋಲೂರ, ಮಾಳು ನಿಪನಾಳರಂಥ ಗಾಯಕರು ಬೆಂಗಳೂರಿನ ಹಂಗಿಲ್ಲದೆ ಉತ್ತರ ಕರ್ನಾಟಕದ ಮಾತಿನಲ್ಲಿಯೇ ಹಾಡಿ ನಾಡಿನಾಚೆಗೂ ಕೇಳುಗರನ್ನು ಪಡೆದದ್ದು ಇಂಥ ಸಣ್ಣ ಸ್ಟುಡಿಯೋಗಳ ಬಲದಿಂದ.

ಇಲ್ಲಿ ಒಂದು ವಿಚಿತ್ರ ಅದಲುಬದಲು ನಡೆದಿದೆ. ಈ ವಿಡಿಯೊಗಳಲ್ಲಿ ಸಾಹಿತ್ಯ, ಗಾಯನ, ಸಂಗೀತದ ಜೊತೆಗೆ ಧ್ವನಿಮುದ್ರಣದ ಸ್ಟುಡಿಯೋ ಹೆಸರೂ ಬಹುಮಟ್ಟಿಗೆ ಇರುತ್ತದೆ. ನೂರು ವರ್ಷ ಮರೆಯಲ್ಲಿದ್ದವನು ಕೊನೆಗೂ ತೆರೆಯ ಮೇಲೆ ಬಂದಿದ್ದಾನೆ. ಅದೇ ಹೊತ್ತಿಗೆ ಹಾಡಿನಿಂದ ಇನ್ನೊಂದು ಮರೆಯಾಗುತ್ತಿದೆ. ನಮ್ಮ ಭಜನೆಯ ಪದ ನಿಧಾನ ಶುರುವಾಗಿ, ಸಾಲು ಸಾಲಿಗೆ ಏರಿ, ಕೊನೆಗೆ ದುಗುಣದಲ್ಲಿ ತಾಳಗಳು ಸಿಡಿಯುವಂತೆ ಮುಗಿಯುತ್ತದೆ. ಎಷ್ಟು ಏರಬೇಕೆಂಬುದನ್ನು ಮೇಳದವರು ಒಬ್ಬರ ಮುಖ ಒಬ್ಬರು ನೋಡಿ ತೀರ್ಮಾನಿಸುತ್ತಾರೆ. ಕಂಪ್ಯೂಟರಿನ ತಾಳ ಹಾಗೆ ಏರುವುದಿಲ್ಲ. ನಿಮಿಷಕ್ಕೆ ಇಷ್ಟು ಪೆಟ್ಟು ಎಂದು ಬರೆದುಕೊಟ್ಟರೆ ಮೊದಲಿನಿಂದ ಕೊನೆಯವರೆಗೂ ಅಷ್ಟೇ. ಏರುವಂತೆ ಬರೆಯಲೂ ಬರುತ್ತದೆ, ಆದರೆ ಯಾರ ಮುಖ ನೋಡಿ ಬರೆಯುವುದು? ಸ್ವರ ತಿದ್ದುವ ತಂತ್ರಾಂಶ ದನಿಯ ಜಾರುಗಳನ್ನು ಪೇಟಿಯ ಮನೆಗಳಿಗೆ ಎಳೆದು ಕೂರಿಸುತ್ತದೆ. ಸ್ವರ ಜಾರುವುದಿಲ್ಲವೆಂದು ಒಂದು ಕಾಲಕ್ಕೆ ಪೇಟಿಯನ್ನು ರೇಡಿಯೊ ಹೊರಗಿಟ್ಟಿತ್ತು. ಈಗ ಕಂಠವನ್ನೇ ಪೇಟಿಯಂತೆ ಮಾಡುತ್ತಿದ್ದೇವೆ.

ಇದನ್ನು ಹಳಹಳಿಕೆಯಿಂದ ಹೇಳುತ್ತಿಲ್ಲ. ಕಹಳೆ ಗಟ್ಟಿ ದನಿಯನ್ನು ಬೇಡಿತು, ತಟ್ಟೆ ಮೂರು ನಿಮಿಷವನ್ನು ಬೇಡಿತು, ರೇಡಿಯೊ ಪೇಟಿಯಿಲ್ಲದ ಹಾಡನ್ನು ಬೇಡಿತು, ಕ್ಯಾಸೆಟ್ಟು ಮುಗಿಯುವ ವಾದವನ್ನು ಬೇಡಿತು. ಪ್ರತಿ ಯಂತ್ರಕ್ಕೂ ಒಂದು ಬೇಡಿಕೆ ಇದ್ದೇ ಇತ್ತು. ಯಂತ್ರದ ಬೇಡಿಕೆ ಮತ್ತು ಹಾಡಿನ ಸ್ವಭಾವದ ನಡುವೆ ನಿಂತು ಎಷ್ಟು ಬಿಡಬೇಕು, ಎಷ್ಟು ಹಿಡಿಯಬೇಕು ಎಂದು ತೂಗಿದವನೇ ಧ್ವನಿಮುದ್ರಕ. ಮೇಳವನ್ನು ಕೂಡಿಸಿ, ತಾಳ ಏರಲು ಬಿಟ್ಟು, ಅದೇ ಕಂಪ್ಯೂಟರಿನಲ್ಲಿ ಮುದ್ರಿಸಲೂ ಬರುತ್ತದೆ. ಅದಕ್ಕೆ ಬೇಕಾದದ್ದು ಹೊತ್ತು ಮತ್ತು ಕಿವಿ. ಒಬ್ಬನೇ ಎಲ್ಲ ಖರ್ಚು ಹೊರುವ ವೃತ್ತಿಯಲ್ಲಿ ಕಡಿಮೆ ಬೀಳುವುದು ಮೊದಲನೆಯದೇ.

ಉಳಿದಿರುವ ಹೊತ್ತು

ಕ್ಯಾಸೆಟ್ಟಿನ ಟೇಪು ನಾಲ್ಕು ಮಿಲಿಮೀಟರಿಗಿಂತ ಕಡಿಮೆ ಅಗಲದ ಪ್ಲಾಸ್ಟಿಕ್ ಪಟ್ಟಿ. ಅದರ ಮೇಲಿನ ಕಾಂತಪುಡಿಯಲ್ಲಿ ಹಾಡಿದೆ. ಮಳೆಗಾಲದ ತೇವಕ್ಕೆ ಅದಕ್ಕೆ ಬೂಸ್ಟು ಹಿಡಿಯುತ್ತದೆ, ಬೇಸಿಗೆಯ ಕಾವಿಗೆ ಸುತ್ತುಗಳು ಒಂದಕ್ಕೊಂದು ಅಂಟುತ್ತವೆ. 1980ರ ದಶಕದ ಕ್ಯಾಸೆಟ್ಟುಗಳಿಗೆ ಈಗ 40 ವರ್ಷದ ಆಸುಪಾಸು. ರಾಮನಗರದ ಜಾನಪದ ಲೋಕ, ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ, 1982ರಲ್ಲಿ ಶುರುವಾಗಿ ಈಗ ಗುರುಗ್ರಾಮದಲ್ಲಿರುವ ಜನಾಂಗೀಯ ಸಂಗೀತದ ದಾಖಲೆ ಕೇಂದ್ರದಂಥ ಸಂಸ್ಥೆಗಳು ಇಂಥ ಕೆಲಸಕ್ಕೆಂದೇ ಇವೆ. ಆದರೆ ಸಂಶೋಧಕರು ಹೋಗಿ ಮುದ್ರಿಸಿ ತಂದ ಹಾಡಿಗೆ ಸಿಗುವ ಮರ್ಯಾದೆ, ಸಂತೆಯಲ್ಲಿ ಮಾರಾಟವಾದ ಕ್ಯಾಸೆಟ್ಟಿಗೆ ಸುಲಭವಾಗಿ ಸಿಗುವುದಿಲ್ಲ. ‘ಕ್ಷೇತ್ರಕಾರ್ಯ’ದ ಟೇಪು ಆಕರ, ‘ವ್ಯಾಪಾರಿ’ ಕ್ಯಾಸೆಟ್ಟು ಸರಕು ಎಂಬ ಭೇದ ನಮ್ಮ ತಲೆಯಲ್ಲಿ ಗಟ್ಟಿಯಾಗಿದೆ. ಜನ ದುಡ್ಡು ಕೊಟ್ಟು, ಮತ್ತೆ ಮತ್ತೆ ಕೇಳಿ, ಟೇಪು ಸವೆಸಿದ ಹಾಡು ಆ ಜನರ ಅಭಿರುಚಿಗೆ ಸಾಕ್ಷಿಯಲ್ಲದೆ ಮತ್ತೇನು?

ಮಾಡಬೇಕಾದ ಕೆಲಸ ದೊಡ್ಡ ಯೋಜನೆಗಾಗಿ ಕಾಯಬೇಕಿಲ್ಲ. ಪದವಿ ತರಗತಿಯ ಒಬ್ಬೊಬ್ಬ ವಿದ್ಯಾರ್ಥಿ ತನ್ನ ಊರಿನ ಹತ್ತು ಕ್ಯಾಸೆಟ್ಟುಗಳ ಹೊದಿಕೆಯ ಎರಡೂ ಬದಿಯ ಚಿತ್ರ ತೆಗೆದು, ಅದರ ಮೇಲಿನ ಹೆಸರು, ಊರು, ವರ್ಷ ಬರೆದಿಟ್ಟರೆ ರೋಣ, ನರಗುಂದ, ಗಜೇಂದ್ರಗಡದ ಭಾಗಕ್ಕೆ ಒಂದು ಸೂಚಿ ತಯಾರಾಗುತ್ತದೆ. ಅದರಲ್ಲಿನ ವಿಳಾಸಗಳನ್ನು ಹಿಡಿದು ಹೋದರೆ ಹಾಡಿಸಿದವರು, ಮುದ್ರಿಸಿದವರು ಇನ್ನೂ ಸಿಗುವ ಕಾಲ ಇದು. ಅವರನ್ನು ಕೇಳಬೇಕಾದ ಪ್ರಶ್ನೆಗಳು ಸರಳ. ಮೇಳವನ್ನು ಎಲ್ಲಿ ಕೂರಿಸಿದಿರಿ? ಎಷ್ಟು ಸಲ ಹಾಡಿಸಿದಿರಿ? ಯಾವುದನ್ನು ಬಿಟ್ಟಿರಿ, ಯಾಕೆ? ಎಷ್ಟು ಕೊಟ್ಟಿರಿ? ಮೂಲ ಟೇಪು ಎಲ್ಲಿದೆ?

ಅಬ್ದುಲ್ ಕರೀಂ ಖಾನರು 1937ರಲ್ಲಿ ತೀರಿಕೊಂಡರು. ಅವರ ತಟ್ಟೆ ಕೇಳಿ ಮನೆ ಬಿಟ್ಟ ಹುಡುಗ ಭಾರತರತ್ನವಾದ. ಆ ತಟ್ಟೆಯ ಹಿಂದಿನ ಕೈ ಯಾರದೆಂದು ಕೇಳುವ ಹೊತ್ತು ಬಹುಶಃ ಮೀರಿಹೋಗಿದೆ. ನಮ್ಮ ಅಟ್ಟದ ಮೇಲಿನ ಕ್ಯಾಸೆಟ್ಟುಗಳ ಮಟ್ಟಿಗೆ ಅದು ಇನ್ನೂ ಮೀರಿಲ್ಲ.